ನೀಲಿ ದಾರದ ಚೀಲ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಅಂತ ಎಲ್ಲರೂ ಹೇಳುತ್ತಾರೆ. ಇರಲಿ. ಮೂವತ್ತೆರಡು ವರ್ಷ ಹಾಸ್ಟೆಲಿನ ಅಡಿಗೆಮನೆಯಲ್ಲಿ ಇನ್ನೂರು ಹುಡುಗರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕಿದವನ ಸಿಟ್ಟು ಇನ್ನೆಲ್ಲಿ ಇರಬೇಕು? ಬೈದಿದ್ದೇನೆ, ಸೌಟು ಎಸೆದಿದ್ದೇನೆ, ತಟ್ಟೆಯಲ್ಲಿ ಬಿಟ್ಟು ಎದ್ದವನನ್ನು ಬಾಗಿಲ ತನಕ ಅಟ್ಟಿಸಿಕೊಂಡು ಹೋಗಿದ್ದೇನೆ. ಆದರೆ ಒಂದು ಮಾತನ್ನು ಮಾತ್ರ ಯಾರೂ ನನ್ನ ಬಗ್ಗೆ ಹೇಳುವಂತಿರಲಿಲ್ಲ. ಬಡಿಸುವಾಗ ಇವನು ಪಂಕ್ತಿಭೇದ ಮಾಡಿದ ಅನ್ನುವ ಮಾತು.

ಒಮ್ಮೆ ವಾರ್ಡನ್ ಬಂದು, ಆಟದ ತಂಡದ ಹುಡುಗರಿಗೆ ಮಾತ್ರ ದಿನಕ್ಕೊಂದು ಮೊಟ್ಟೆ ಹಾಕು, ಉಳಿದವರಿಗೆ ಬೇಡ ಅಂದ. ಒಂದೇ ಬೆಂಚಿನಲ್ಲಿ ಕೂತವರು. ಒಬ್ಬನ ತಟ್ಟೆಯಲ್ಲಿ ಮೊಟ್ಟೆ, ಪಕ್ಕದವನ ಕಣ್ಣಲ್ಲಿ ಮೊಟ್ಟೆ. ನನ್ನಿಂದ ಆಗಲಿಲ್ಲ. ಮೂರನೇ ದಿನದಿಂದ ಎಲ್ಲ ಮೊಟ್ಟೆಯನ್ನೂ ಅರ್ಧ ಮಾಡಿ, ಸಾಲದ ದಿನ ಕಾಲು ಮಾಡಿ, ಸಾಲಿನ ಈ ತುದಿಯಿಂದ ಆ ತುದಿಗೆ ಹಾಕಿಬಿಟ್ಟೆ. ಆ ವರ್ಷ ನಮ್ಮ ತಂಡ ಎಲ್ಲ ಕಡೆ ಸೋತು ಬಂತು. ವಾರ್ಡನ್ ಹಾರಾಡಿದ. ನನಗೆ ಮಾತ್ರ ಹೊಟ್ಟೆ ತಣ್ಣಗಿತ್ತು. ಆ ಕಥೆಯನ್ನು ನನಗಿಂತ ಹೆಚ್ಚು ಸಲ ಹೇಳಿದವಳು ನನ್ನ ತಂಗಿ. ಯಾರೇ ಬಂದರೂ, "ನಮ್ಮಣ್ಣ ಮೊಟ್ಟೆ ಅರ್ಧ ಮಾಡಿದ್ದು ಗೊತ್ತಾ ನಿಮಗೆ?" ಅಂತಲೇ ಶುರು ಮಾಡುತ್ತಿದ್ದಳು.

ತಂಗಿ ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ಅಪ್ಪ ಅಮ್ಮ ಹೋದಾಗ ಅವಳಿಗೆ ಆರು. ಹಾಸ್ಟೆಲಿನ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಮೇಲೆ ಕೂತು ಓದಿದಳು. ನಾನು ಈರುಳ್ಳಿ ಹೆಚ್ಚುತ್ತಿದ್ದರೆ ಅವಳು ಮೂಟೆಯ ಮೇಲಿಂದ ಪಾಠ ಒಪ್ಪಿಸುತ್ತಿದ್ದಳು, ತಪ್ಪೋ ಸರಿಯೋ ನನಗೇನು ಗೊತ್ತು, ಹೂಂ ಅನ್ನುತ್ತಿದ್ದೆ. ಹಾಗೆ ಹೂಂ ಅನ್ನಿಸಿಕೊಂಡೇ ಅವಳು ಪ್ರಾಣಿಗಳ ಡಾಕ್ಟರಾದಳು. ಆಮೇಲೆ ಅದರ ಮೇಲೂ ಓದಿ ಸಂಶೋಧನಾ ಕೇಂದ್ರದ ಹಂದಿ ವಿಭಾಗ ಸೇರಿದಳು. ಮದುವೆ ಗಿದುವೆ ಅಂದರೆ, "ನನಗೆ ಮುನ್ನೂರು ಮಕ್ಕಳಿದ್ದಾವೆ, ಎಲ್ಲಕ್ಕೂ ಬಾಲ ಇದೆ" ಅನ್ನುತ್ತಿದ್ದಳು.

ಹಾಸ್ಟೆಲಿನ ಊಟವನ್ನು ಯಾವುದೋ ಕಂಪನಿಗೆ ವಹಿಸಿದರು. ಡಬ್ಬಿಯಲ್ಲಿ ಮುಚ್ಚಿಕೊಂಡು ಬರುವ ಊಟ. ನನ್ನ ಒಲೆ ಆರಿತು. ಆರು ತಿಂಗಳು ಮನೆಯಲ್ಲಿ ಕೂತು ಗೋಡೆ, ಬೆಕ್ಕು, ಪಕ್ಕದ ಮನೆಯವರು, ಎಲ್ಲರಿಗೂ ಬೈದು ಮುಗಿಸಿದೆ. ಆಗ ತಂಗಿ, ತಿನ್ನಿಸುವ ಕೆಲಸವೇ ತಾನೇ, ನಮ್ಮಲ್ಲಿಗೆ ಬಾ ಅಂತ ಕರೆದುಕೊಂಡು ಹೋದಳು. ಹಂದಿ ಮರಿಗಳಿಗೆ ಮೇವು ತೂಗಿ ಹಾಕುವುದು, ಉಳಿದದ್ದನ್ನು ತೂಗಿ ಬರೆಯುವುದು. ಮೊದಲು ಆ ಕೆಲಸ ಮಾಡುತ್ತಿದ್ದವರು ತೂಗದೆಯೇ ಬರೆಯುತ್ತಿದ್ದರಂತೆ. ನಂಬುವಂಥ ಕೈ ಬೇಕು, ಅದಕ್ಕೇ ನಿನ್ನನ್ನು ಕರೆದದ್ದು ಅಂದಳು. ಆ ಮಾತು ಕೇಳಿ ನಾನು ಎರಡು ದಿನ ಎದೆ ಉಬ್ಬಿಸಿಕೊಂಡು ತಿರುಗಿದ್ದೆ. ಕೇಂದ್ರದ ಆಳುಗಳು ನನಗೆ ಅಡಿಗೆಯಣ್ಣ ಅಂತಲೇ ಹೆಸರಿಟ್ಟರು.

ಅವಳ ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಏನು ಅಂತ ಗೊತ್ತಾಗುವುದಿಲ್ಲ. ಎರಡು ಮೂರು ವರ್ಷದಿಂದ ಕೊಯ್ಲಿನ ಹೊತ್ತಿಗೇ ಮಳೆ. ಮೆಕ್ಕೆಜೋಳ ಒದ್ದೆಯಾಗಿಯೇ ಗೋದಾಮು ಸೇರಿ ಬೂಷ್ಟು ಹಿಡಿಯುತ್ತಿತ್ತು. ಅದೇ ಜೋಳ ಮೇವಿನ ಗಿರಣಿಗೆ, ಅಲ್ಲಿಂದ ಎಲ್ಲ ಹಂದಿ ಶೆಡ್ಡಿಗೆ. ಬೂಷ್ಟನ್ನು ಜರಡಿ ಹಿಡಿದು ತೆಗೆಯಬಹುದು, ಅದು ಬಿಟ್ಟುಹೋದ ವಿಷವನ್ನು ತೆಗೆಯಲಾಗುವುದಿಲ್ಲ. ಹುರಿದರೂ ಹೋಗದು, ಬೇಯಿಸಿದರೂ ಹೋಗದು. ಅಡಿಗೆಯವನಾದ ನನಗೆ ಇದನ್ನು ನಂಬುವುದೇ ಕಷ್ಟವಾಯಿತು. ದೊಡ್ಡ ಹಂದಿ ಹೇಗೋ ತಡೆದುಕೊಳ್ಳುತ್ತದೆ. ತಾಯಿ ಹಾಲು ಬಿಟ್ಟ ಮರಿ, ಮೊದಲ ಸಲ ಮೇವಿಗೆ ಬಾಯಿ ಹಾಕುವ ಮರಿ, ಅದಕ್ಕೆ ತಡೆಯದು. ಭೇದಿ ಹಿಡಿದು, ಬೆನ್ನು ಬಿಲ್ಲಾಗಿ, ಕೂದಲು ನಿಮಿರಿ, ಹತ್ತರಲ್ಲಿ ನಾಲ್ಕು ಸಾಯುತ್ತಿದ್ದವು.

ಒಂದು ಬೆಳಿಗ್ಗೆ ಅವಳು ಕೈ ಒರೆಸುವ ಟರ್ಕಿ ಟವೆಲನ್ನು ನನ್ನ ಮುಂದೆ ಹರವಿ ತೋರಿಸಿದಳು. ಕರುಳಿನ ಒಳಮೈ ಹೀಗೇ ಇರುತ್ತದಂತೆ, ಸಣ್ಣ ಸಣ್ಣ ಎಳೆಗಳು ಎದ್ದುನಿಂತು. ತಿಂದದ್ದನ್ನು ಹೀರಿಕೊಳ್ಳುವುದು ಆ ಎಳೆಗಳು. ಬೂಷ್ಟಿನ ವಿಷ ಅವನ್ನು ಸವೆಸಿ ಹಳೇ ಒರೆಸುಬಟ್ಟೆಯ ಹಾಗೆ ಮಾಡಿಬಿಡುತ್ತದೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ.

"ಕಬ್ಬಿಣಕ್ಕೆ ತುಕ್ಕು ಹಿಡಿಯತ್ತಲ್ಲ ಅಣ್ಣ, ಒಳಗೆ ಹಾಗೇ ಆಗೋದು. ನನ್ನ ಪುಡಿ ವಿಷಾನ ತೆಗಿಯಲ್ಲ. ತುಕ್ಕನ್ನ ತಡೆಯತ್ತೆ ಅಷ್ಟೆ. ಅಷ್ಟು ತಡೆದ್ರೆ ಸಾಕು, ಮರಿ ಉಳಿಯತ್ತೆ."

ಪುಡಿ ಅಂದರೆ ಹಣ್ಣಿನ ರಸ ತೆಗೆಯುವ ಕಾರ್ಖಾನೆಯವರು ಎಸೆಯುವ ದ್ರಾಕ್ಷಿಯ ಬೀಜ, ಸಿಪ್ಪೆ. ಒಣಗಿಸಿ ಬೀಸಿದ್ದು. ಒಂಬತ್ತು ವರ್ಷ ಅವಳು ಅದರ ಹಿಂದೆ ಬಿದ್ದಿದ್ದಳು. ಗಾಜಿನ ನಳಿಗೆಯಲ್ಲಿ ಮಾಡಿದಳು, ಇಲಿಗಳಲ್ಲಿ ಮಾಡಿದಳು. ಮರಿಗಳ ಮೇಲೆ ಮಾಡಿ ತೋರಿಸಲು ಕೇಂದ್ರದ ದೊಡ್ಡ ಸಾಹೇಬರು ಕೊನೆಗೂ ಒಪ್ಪಿದ್ದರು. ಒಂದೇ ಒಂದು ಸಲ, ಇಪ್ಪತ್ತೆಂಟು ದಿನ. ವ್ಯತ್ಯಾಸ ಕಂಡರೆ ಎಲ್ಲ ಗಿರಣಿಗೂ ಪುಡಿ ಬೆರೆಸಲು ಹೇಳುತ್ತಾರೆ. ಕಾಣದಿದ್ದರೆ ನಮ್ಮ ಶೆಡ್ಡು ಕೋಳಿ ವಿಭಾಗದ ಪಾಲು.

ಮರಿಗಳನ್ನು ಕೊಟ್ಟವಳು ಮರಿಯಕ್ಕ. ಹಂದಿ ಮರಿ ಮಾರುವವಳಾದ್ದರಿಂದ ಆ ಹೆಸರು. ಐವತ್ತು ದಾಟಿದ ಹೆಂಗಸು, ಬಾಯಿ ಜೋರು, ಅರ್ಧ ಗಂಟೆ ದೂರದಲ್ಲಿ ಅವಳದೂ ಒಂದು ಶೆಡ್ಡು. ಮೂವತ್ತಾರು ಮರಿಗಳನ್ನು ತಾನೇ ಗಾಡಿಯಿಂದ ಒಂದೊಂದಾಗಿ ಎತ್ತಿ ಇಳಿಸಿದಳು. ಕೊನೆಯ ದಿನ ಇವನ್ನೆಲ್ಲ ಕೊಂದು ಕರುಳು ನೋಡುತ್ತಾರೆ ಅಂತ ಅವಳಿಗೂ ಗೊತ್ತಿತ್ತು. ನನ್ನಲ್ಲಿದ್ದರೂ ಸಾಯುತ್ತವೆ, ಇಲ್ಲಿ ಸತ್ತರೆ ಏನಾದರೂ ಒಂದು ತಿಳಿಯುತ್ತದಲ್ಲ, ಅಂದಳು.

ಆರು ಗೂಡು, ಗೂಡಿಗೆ ಆರು ಮರಿ, ಮರಿಯ ಕಿವಿಗೊಂದು ನಂಬರು. ತಗಡಿನ ಸೂರು, ಪ್ಲಾಸ್ಟಿಕ್ ಜಾಲರಿಯ ನೆಲ, ಮೇಲಿಂದ ಇಳಿಬಿಟ್ಟ ಕಾವಿನ ದೀಪ. ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿಯಲ್ಲಿ ಬೂಟು ಅದ್ದಿಯೇ ಒಳಗೆ ಬರಬೇಕು. ಮೇವಿನ ಚೀಲಗಳ ಬಾಯಿಯನ್ನು ಮೂರು ಬಣ್ಣದ ದಾರದಲ್ಲಿ ಹೊಲಿದಿದ್ದರು. ಬಿಳಿ, ಕೆಂಪು, ನೀಲಿ. ಒಂದೊಂದು ಬಣ್ಣಕ್ಕೆ ಎರಡೆರಡು ಗೂಡು. ಯಾವುದರಲ್ಲಿ ಏನಿದೆ ಅಂತ ತಿನ್ನಿಸುವವನಿಗೆ ತಿಳಿಯಬಾರದು, ತಿಳಿದರೆ ಕೈ ಸುಮ್ಮನಿರುವುದಿಲ್ಲ ಅಂತ ತಂಗಿ ಹೇಳಿದ್ದಳು. ಬಣ್ಣದಲ್ಲಿ, ವಾಸನೆಯಲ್ಲಿ ಗೊತ್ತಾಗದಿರಲಿ ಅಂತ ಮೂರಕ್ಕೂ ಕಾಕಂಬಿ ಬೆರೆಸಿದ್ದಳು.

ಆದರೆ ಅವಳು ಮರೆತದ್ದು ನನ್ನ ನಾಲಿಗೆಯನ್ನು. ಮೂವತ್ತೆರಡು ವರ್ಷ ಬಡಿಸುವ ಮುಂಚೆ ರುಚಿ ನೋಡಿದ ನಾಲಿಗೆ. ಮೂರನೇ ದಿನ, ಯಾರೂ ಇಲ್ಲದಾಗ, ಮೂರು ಚೀಲದಿಂದಲೂ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹಂದಿ ಮೇವು ತಿಂದ ಅಡಿಗೆಯವನು ಅಂತ ನಗಬೇಕಾದವರು ನಗಬಹುದು. ಬಿಳಿ ಸಿಹಿ. ಕೆಂಪಿನಲ್ಲಿ ಸಿಹಿಯ ಹಿಂದೆ ಒಂದು ಮುಗ್ಗಲು. ನೀಲಿಯಲ್ಲಿ ಆ ಮುಗ್ಗಲೂ ಇತ್ತು, ಅದರ ಜೊತೆ ನಾಲಿಗೆ ಎಳೆದು ಹಿಡಿಯುವ ಒಗರು. ಬಿಳಿ ಒಳ್ಳೆಯ ಜೋಳ, ಕೆಂಪು ವಿಷದ ಜೋಳ, ನೀಲಿ ವಿಷದ ಜೋಳಕ್ಕೆ ಪುಡಿ. ಉಗಿದು ಬಾಯಿ ತೊಳೆದುಕೊಂಡೆ. ಒಗರು ಹೋಗಲು ಬಹಳ ಹೊತ್ತು ಹಿಡಿಯಿತು.

ಏಳನೇ ದಿನ ತೂಕ ಹಾಕಿದೆವು. ನೀಲಿಯವು ಬಿಳಿಯವಕ್ಕಿಂತ ಸ್ವಲ್ಪವೇ ಹಿಂದೆ. ಕೆಂಪಿನವು ಬಂದ ದಿನ ಎಷ್ಟಿದ್ದವೋ ಅಷ್ಟೇ. ತಂಗಿ ಪೆನ್ನು ಕಚ್ಚಿಕೊಂಡು ಕಾಗದ ನೋಡುತ್ತಲೇ ಇದ್ದಳು. ಸಂಜೆ ಮನೆಗೆ ನಡೆದು ಬರುವಾಗ ಚಿಕ್ಕಂದಿನ ಯಾವುದೋ ಪದ್ಯವನ್ನು ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು.

ಮಾರನೇ ದಿನ ಮರಿಯಕ್ಕ ಬೇಲಿಯ ಹೊರಗೆ ನಿಂತು ಹೇಗಿದ್ದಾವೆ ಅಂತ ಕೇಳಿದಳು. ನನ್ನ ಬಾಯಿಗೆ ಬೀಗ ಎಲ್ಲಿದೆ? ನೀಲಿ ದಾರದವು ಗೆದ್ದವು, ದ್ರಾಕ್ಷಿ ಸಿಪ್ಪೆ ಕೆಲಸ ಮಾಡುತ್ತಿದೆ ಅಂದುಬಿಟ್ಟೆ. ಅವಳು ತಕ್ಷಣ ಗಾಡಿ ಹತ್ತಿದಳು. ಅವತ್ತೇ ಕಾರ್ಖಾನೆಗೆ ಹೋಗಿ ಸಿಪ್ಪೆ ತಂದು ಅಂಗಳದ ತುಂಬ ಒಣಹಾಕಿದಳಂತೆ.

ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಹಾಳು ಮಾಡಿದ್ದು ಮೂವತ್ತೊಂದು.

ಮೂವತ್ತೊಂದು ಕೆಂಪು ಗೂಡಿನ ಹೆಣ್ಣುಮರಿ. ಬಂದಾಗಲೇ ಎಲ್ಲಕ್ಕಿಂತ ಚಿಕ್ಕದು, ಐದು ಕಿಲೋ. ಉಳಿದವು ತಿಂದದ್ದನ್ನು ಕಕ್ಕಿ ಮೂಲೆಗೆ ಒತ್ತಿಕೊಂಡು ಮಲಗುತ್ತಿದ್ದವು. ಇದು ಮಾತ್ರ ನನ್ನ ಬೂಟಿನ ಸದ್ದಿಗೆ ಎದ್ದು ಬರುತ್ತಿತ್ತು. ನಡೆಯಲು ಆಗದೆ ಹಿಂಗಾಲು ಎಳೆದುಕೊಂಡು ಬಂದು ಸರಳಿಗೆ ಮೂತಿ ಇಟ್ಟು ನೋಡುತ್ತಿತ್ತು. ಪಕ್ಕದ್ದೇ ನೀಲಿ ಗೂಡು. ನಡುವೆ ಒಂದು ಸರಳಿನ ಸಾಲು, ಅಷ್ಟೇ. ಆ ಕಡೆ ಆರು ಮರಿ ಬಾಲ ಅಲ್ಲಾಡಿಸಿಕೊಂಡು ತಿನ್ನುತ್ತಿದ್ದವು. ಈ ಕಡೆ ಇದು ಸರಳಿನ ಸಂದಿಯಿಂದ ಆ ತೊಟ್ಟಿಯನ್ನೇ ನೋಡುತ್ತಿತ್ತು. ಹನ್ನೊಂದನೇ ದಿನ ಬೆಳಿಗ್ಗೆ ಅದರ ಗೂಡಿನಲ್ಲಿ ಒಂದು ಸತ್ತು ಬಿದ್ದಿತ್ತು. ಇದು ಸತ್ತದ್ದರ ಹೊಟ್ಟೆಗೆ ಒರಗಿಕೊಂಡು ಕಾವು ಹುಡುಕುತ್ತಿತ್ತು.

ತಂಗಿಯ ಮೇಲೆ ಸಿಟ್ಟು ಬಂತು, ಸಾಹೇಬರ ಮೇಲೆ ಬಂತು, ಬೇಕೆಂದೇ ವಿಷ ತಿನ್ನಿಸಿ ಬರೆದುಕೊಳ್ಳುವ ಈ ವಿದ್ಯೆಯ ಮೇಲೇ ಬಂತು. ಒಂದೇ ಸೂರಿನ ಕೆಳಗೆ ಕೂತವರಿಗೆ ಒಬ್ಬರಿಗೆ ಮದ್ದು, ಒಬ್ಬರಿಗೆ ಬರೀ ವಿಷ. ಇದಕ್ಕಿಂತ ದೊಡ್ಡ ಪಂಕ್ತಿಭೇದ ಎಲ್ಲಾದರೂ ಇದೆಯೇ? ಅದಕ್ಕೆ ನನ್ನ ಕೈಯೇ ಸೌಟು. ಕೊನೆಗೆ ಎಲ್ಲವನ್ನೂ ಕೊಲ್ಲುತ್ತಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ, ಇರುವಷ್ಟು ದಿನ ಹೊಟ್ಟೆನೋವಿಲ್ಲದೆ ಇರಲಿ ಅನ್ನಿಸಿತು.

ಮಧ್ಯಾಹ್ನ ಆಳುಗಳೆಲ್ಲ ಊಟಕ್ಕೆ ಹೋಗಿದ್ದರು. ನೀಲಿ ಚೀಲದಿಂದ ಒಂದು ಲೋಟ ತೆಗೆದು ಮೂವತ್ತೊಂದರ ಮುಂದೆ ಇಟ್ಟೆ. ಚೀಲದ ತೂಕ ತಪ್ಪಬಾರದಲ್ಲ, ಕೆಂಪು ಚೀಲದಿಂದ ಅಷ್ಟೇ ತೆಗೆದು ನೀಲಿ ತೊಟ್ಟಿಗೆ ಹಾಕಿದೆ. ಗಟ್ಟಿ ಮರಿಗಳು, ಒಂದು ಲೋಟ ತಡೆದುಕೊಳ್ಳುತ್ತವೆ ಅಂದುಕೊಂಡೆ. ಮಾರನೇ ದಿನ ಎರಡು ಲೋಟ. ಒಂದು ಗೂಡಿಗೆ ಹಾಕಿ ಇನ್ನೊಂದು ಕೆಂಪು ಗೂಡಿಗೆ ಹಾಕದೆ ಹೇಗಿರುವುದು? ಅದಕ್ಕೂ ಹಾಕಿದೆ. ವಾರ ಕಳೆಯುವುದರೊಳಗೆ ಮಧ್ಯಾಹ್ನ, ಸಂಜೆ ಎರಡು ಹೊತ್ತೂ ಕೆಂಪು, ನೀಲಿ ಅರ್ಧ ಅರ್ಧ. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಾಳೆಯಲ್ಲಿ ಬರೆದ ತೂಕ ಎಲ್ಲ ಕರಾರುವಾಕ್ಕು. ಮೊದಲ ವಾರ ತಂಗಿ ಪಕ್ಕದಲ್ಲೇ ನಿಂತು ನೋಡಿ, "ಖುದ್ದಾಗಿ ನೋಡಿದ್ದೇನೆ" ಅನ್ನುವ ಸಾಲಿನ ಕೆಳಗೆ ದಿನಾ ಸಹಿ ಹಾಕುತ್ತಿದ್ದಳು. ಆಮೇಲೆ ರಕ್ತದ ನಳಿಗೆಗಳ ಹಿಂದೆ ಬಿದ್ದು, ವಾರದ ಹಾಳೆಗಳಿಗೆಲ್ಲ ಒಟ್ಟಿಗೇ ಸಹಿ ಮಾಡತೊಡಗಿದಳು. ಅಣ್ಣ ಬರೆದದ್ದು ತಾನೇ.

ಮೂವತ್ತೊಂದು ಎದ್ದು ನಿಂತಿತು. ನಾನು ಹೇಳುವುದು ಉತ್ಪ್ರೇಕ್ಷೆಯಲ್ಲ, ಐದೇ ದಿನಕ್ಕೆ ಭೇದಿ ನಿಂತಿತು. ಎಂಟು ದಿನವಾಗುವಷ್ಟರಲ್ಲಿ ನನ್ನ ಬೂಟಿನ ದಾರ ಕಚ್ಚಿ ಎಳೆದು ಬಿಚ್ಚಿತು. ನಾನು ಬೈದೆ. ಅದು ಮತ್ತೆ ಎಳೆಯಿತು. ಹಾಸ್ಟೆಲು ಬಿಟ್ಟ ಮೇಲೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ನೀಲಿಯವು ಸೊರಗುತ್ತಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ಅಂದರೆ ಸುಳ್ಳಾದೀತು. ಬಿತ್ತು. ಕೂದಲು ಒರಟಾಯಿತು, ಎರಡು ಮರಿಗೆ ಭೇದಿ ಹಿಡಿಯಿತು, ಆಮೇಲೆ ಅವು ಸತ್ತವು. ಹಂಚಿಕೊಂಡರೆ ಎಲ್ಲರಿಗೂ ಒಂದಿಷ್ಟು ಕಮ್ಮಿಯಾಗುತ್ತದೆ, ಅದು ಲೋಕದ ರೀತಿ ಅಂತ ಸಮಾಧಾನ ಮಾಡಿಕೊಂಡೆ. ಹದಿನಾಲ್ಕನೇ ದಿನದ ತೂಕಕ್ಕೆ ತಂಗಿಯ ಹುಬ್ಬು ಗಂಟಿಕ್ಕಿತು. ಇಪ್ಪತ್ತೊಂದಕ್ಕೆ ಕೆಂಪು, ನೀಲಿ ಎರಡೂ ಒಂದೇ ಮಟ್ಟ. ಅವಳು ತಕ್ಕಡಿಯನ್ನೇ ಎರಡು ಸಲ ಪರೀಕ್ಷೆ ಮಾಡಿಸಿದಳು. ದಾರಿಯಲ್ಲಿ ಗುನುಗುವುದು ನಿಂತುಹೋಯಿತು. ಮೊದಲ ವಾರವಷ್ಟೇ ತಡೆಯುತ್ತದೆಯೋ ಏನೋ, ಆಮೇಲೆ ವಿಷವೇ ಗೆಲ್ಲುತ್ತದೆ ಅಂತ ಕಾಣುತ್ತದೆ, ಅಂದಳು. ಅವತ್ತು ನಾನು ಬಾಯಿ ಬಿಡಬಹುದಿತ್ತು. ಇನ್ನೊಂದು ವಾರ ಬಾಕಿಯಿತ್ತು, ಏನಾದರೂ ಮಾಡಬಹುದಿತ್ತೋ ಏನೋ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಹೇಳಿದರೆ ನಾಳಿದ್ದು ಮೂವತ್ತೊಂದಕ್ಕೆ ಮತ್ತೆ ಕೆಂಪು ಚೀಲ. ಹೇಳಲಿಲ್ಲ.

ಇಪ್ಪತ್ತೆಂಟನೇ ದಿನ ಬೆಳಿಗ್ಗೆ ಮೇವು ಹಾಕಬೇಡ ಅಂದರು. ಖಾಲಿ ಕೈಯಲ್ಲಿ ಹೋದವನ ಬೂಟಿನ ದಾರವನ್ನು ಮೂವತ್ತೊಂದು ಎಳೆಯಿತು. ಗೂಡಿನಿಂದ ಅದನ್ನು ಎತ್ತಿಕೊಂಡು ಹೋಗಿ ಒಪ್ಪಿಸಿದವನೂ ನಾನೇ, ಬೇರೆಯವರು ಎತ್ತಿದರೆ ಕಿರುಚುತ್ತಿತ್ತು. ಬಾಗಿಲು ಹಾಕಿಕೊಂಡರು. ನಾನು ಹೊರಗೆ ಚೀಲ ಮಡಿಸುತ್ತ ಕೂತೆ.

ಹತ್ತು ದಿನವಾದ ಮೇಲೆ ಸಂಜೆ ಹೊತ್ತಿಗೆ ತಂಗಿ ನನ್ನನ್ನು ತನ್ನ ಕೋಣೆಗೆ ಕರೆದಳು. ಮೇಜಿನ ಮೇಲೆ ಗಾಜಿನ ಪಟ್ಟಿಗಳ ಡಬ್ಬಿ, ಸೂಕ್ಷ್ಮದರ್ಶಕ, ಆರಿದ ಕಾಫಿ. ನೋಡು ಅಂದಳು. ಬಗ್ಗಿ ನೋಡಿದೆ. ಬಿಳಿ ಗೂಡಿನ ಕರುಳು, ಹೊಸ ಟವೆಲಿನ ಹಾಗೆ ದಟ್ಟ ಎಳೆ. ಆಮೇಲೆ ನೀಲಿಯದು, ಆಮೇಲೆ ಕೆಂಪಿನದು. ಎರಡೂ ಅರ್ಧ ಸವೆದವು, ನನಗೆ ವ್ಯತ್ಯಾಸ ತಿಳಿಯಲಿಲ್ಲ. ಕೊನೆಗೆ, ಬೇರೆಯಾಗಿ ಎತ್ತಿಟ್ಟಿದ್ದ ಒಂದು ಪಟ್ಟಿಯನ್ನು ಇಟ್ಟಳು. ಬುಡದಲ್ಲಿ ಪೂರ್ತಿ ಬೋಳಾದ ಕಡೆ, ಅದರ ಮೇಲೆ ಹೊಸದಾಗಿ ಚಿಗುರಿದ ಎಳೆಗಳು.

"ಇದು ಕೆಂಪು ಗೂಡಿನ ಮೂವತ್ತೊಂದು. ಬರೀ ವಿಷ ತಿಂದ ಕರುಳು ತಾನಾಗೇ ಹೀಗೆ ಚಿಗುರಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಣ್ಣ, ಮೊಟ್ಟೆ ಅರ್ಧ ಮಾಡಿದ್ಯಾ?"

ನಾನು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಹೂಂ ಅಂದೆ. ಅವಳ ಪಾಠಕ್ಕೆಲ್ಲ ಹೂಂ ಅಂದ ಹಾಗೇ ಅಂದೆ.

ಅವಳು ಕೂಗಾಡಿದ್ದರೆ, ಆ ಆರಿದ ಕಾಫಿಯನ್ನು ನನ್ನ ಮುಖಕ್ಕೆ ಎರಚಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಗಾಜಿನ ಪಟ್ಟಿಯನ್ನು ಜೋಪಾನವಾಗಿ ತೆಗೆದು ಬಟ್ಟೆಯಲ್ಲಿ ಒರೆಸಿದಳು.

"ಒಂಬತ್ತು ವರ್ಷದಲ್ಲಿ ಇಷ್ಟು ಒಳ್ಳೇ ಸಾಕ್ಷಿ ನಾನು ನೋಡೇ ಇಲ್ಲ. ಪುಡಿ ಕೆಲಸ ಮಾಡತ್ತೆ ಅಣ್ಣ. ಸತ್ತು ಹೋಗ್ತಿದ್ದ ಕರುಳನ್ನ ವಾಪಸ್ ತಂದಿದೆ. ಯಾರಿಗೂ ತೋರಿಸೋ ಹಾಗಿಲ್ಲ."

ಮಾರನೇ ದಿನ ಅವಳು ದೊಡ್ಡ ಸಾಹೇಬರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರಂತೆ. ಮೇವಿನ ತೂಕದ ಹಾಳೆಗಳು ನಿಜ ಅಂದರೆ ಪುಡಿ ಮಾತ್ರ ಹೋಗುತ್ತದೆ, ಹಾಳೆಗಳು ಸುಳ್ಳು ಅಂದರೆ ನೋಡದೆ ಸಹಿ ಹಾಕಿದ ನೀನೂ ಹೋಗುತ್ತೀಯ, ನಿನ್ನ ಒಂಬತ್ತು ವರ್ಷದ ಇಲಿ, ನಳಿಗೆಗಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲ, ಆಗಲೂ ಪುಡಿ ಹೋಗುತ್ತದೆ ಅಂದರಂತೆ. ಇನ್ನೊಂದು ಸಲ ಮಾಡಲು ಶೆಡ್ಡಿಲ್ಲ, ಕೋಳಿ ವಿಭಾಗದವರು ಬಂದು ಅಳತೆ ತೆಗೆದುಕೊಂಡು ಹೋಗಿಯಾಗಿದೆ. ತಪ್ಪೆಲ್ಲ ನನ್ನದು, ನನ್ನನ್ನು ಕಳಿಸಿ ಅಂತ ನಾನು ಹೇಳುತ್ತೇನೆ ಅಂದೆ. ನಿನ್ನನ್ನು ಕರೆತಂದವಳು ನಾನು, ಅಂದಳು ತಂಗಿ. ಅಲ್ಲಿಗೆ ಆ ಮಾತು ಮುಗಿಯಿತು.

ಅವಳು ವರದಿ ಬರೆದಳು. ಪುಡಿಯಿಂದ ಗಮನಾರ್ಹ ಉಪಯೋಗ ಕಂಡುಬಂದಿಲ್ಲ. ಅದನ್ನೇ ಚಿಕ್ಕದು ಮಾಡಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮೇವಿನ ಅಂಗಡಿಗಳಿಗೆ, ಸಾಕುವವರಿಗೆ ಹಂಚಿದರು. ಗಿರಣಿಗಳಿಗೂ ಹೋಯಿತು. ತಂಗಿಯನ್ನು ಕೋಳಿ ವಿಭಾಗದಲ್ಲಿ ಮೊಟ್ಟೆಯ ಚಿಪ್ಪಿನ ದಪ್ಪ ಅಳೆಯುವ ಕೆಲಸಕ್ಕೆ ಹಾಕಿದರು. ಈಗ ಮನೆಯಲ್ಲಿ ನಾವು ಊಟಕ್ಕೆ ಕೂತರೆ ಅವಳು ಬಡಿಸಿದಷ್ಟು ತಿಂದು ಎದ್ದುಹೋಗುತ್ತಾಳೆ. ಹೆಚ್ಚು ಹಾಕಿದರೂ ಬೇಡ ಅನ್ನುವುದಿಲ್ಲ, ಕಮ್ಮಿ ಹಾಕಿದರೂ ಕೇಳುವುದಿಲ್ಲ. ಯಾರಾದರೂ ಬಂದರೆ ಮೊಟ್ಟೆಯ ಕಥೆ ಹೇಳುವುದಿಲ್ಲ.

ಕೇಂದ್ರದ ಕೆಲಸ ಬಿಟ್ಟ ಮೇಲೆ ನಾನು ಒಂದು ದಿನ ಮರಿಯಕ್ಕನ ಶೆಡ್ಡಿಗೆ ಹೋದೆ. ಅವಳೇ ಹೇಳಿಕಳಿಸಿದ್ದಳು. ಆ ಹಾಳೆಯನ್ನು ಬಾಗಿಲ ಕಂಬಕ್ಕೆ ಮೊಳೆ ಹೊಡೆದು ಸಿಕ್ಕಿಸಿದ್ದಳು. ಒಳಗೆ ಹಾಲು ಬಿಟ್ಟ ಮರಿಗಳು ನಲವತ್ತೋ ಐವತ್ತೋ, ಒಂದರ ಮೇಲೊಂದು ಬಿದ್ದು ಕಿರುಚಿಕೊಂಡು ತಿನ್ನುತ್ತಿದ್ದವು. ಎಲ್ಲದರ ಮೈಯೂ ನುಣ್ಣಗೆ. ತೊಟ್ಟಿಯ ಪಕ್ಕ ಗೋಡೆಗೆ ಒರಗಿಸಿಟ್ಟ ಪುಡಿಯ ಚೀಲಗಳು. ಬಾಯಿ ಹೊಲಿಯಲು ಅವಳೂ ನೀಲಿ ದಾರವನ್ನೇ ಹುಡುಕಿ ತಂದಿದ್ದಳು, ನಾನು ಹೇಳಿದ ಬಣ್ಣ ಅಂತ.

ಹಾಕಲು ಶುರು ಮಾಡಿದ ಮೇಲೆ ಹತ್ತಕ್ಕೆ ಒಂದೂ ಸತ್ತಿಲ್ಲ ಅಂದಳು. ಪುಡಿಯಿಂದಲೇ ಅಂದುಕೊಂಡಿದ್ದಳಂತೆ. ಹಾಳೆ ಬಂದ ಮೇಲೆ ಸೊಸೆ ದಿನಾ ಜಗಳ ಆಡುತ್ತಿದ್ದಾಳೆ, ಒಣಗಿಸಿ ಬೀಸಿ ಸೊಂಟ ಬಿದ್ದುಹೋಯಿತು, ಓದಿದ ಡಾಕ್ಟರೇ ಉಪಯೋಗವಿಲ್ಲ ಅಂದಮೇಲೆ ಮರಿಯ ಹೊಟ್ಟೆಯಲ್ಲಿ ಜಾಗ ತಿನ್ನುವ ಕಸವನ್ನು ಯಾಕೆ ತುಂಬಬೇಕು ಅಂತ. ಮರಿಯಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಎದುರು ಬಂದು ನಿಂತಳು.

"ನೀನು ದಿನಾ ಕೈಯಾರೆ ತಿನ್ನಿಸಿದವನು. ಕೆಂಪಲ್ಲಿ ಎರಡು ಸತ್ತಿದೆ, ನೀಲಿಯಲ್ಲೂ ಎರಡು ಸತ್ತಿದೆ ಅಂತ ಬರ್ದಿದಾರೆ. ನನಗೆ ನಂಬೋಕಾಗ್ತಿಲ್ಲ. ನೀನು ಒಂದು ಮಾತು ಹೇಳು. ಕೆಲಸ ಮಾಡತ್ತೆ ಅಂದ್ರೆ ನಾಡಿದ್ದು ಸಾಕೋರ ಮೀಟಿಂಗಲ್ಲಿ ಎದ್ದು ನಿಂತು, ಈ ಹಾಳೆ ಸುಳ್ಳು, ತಿನ್ನಿಸಿದವನೇ ಹೇಳಿದಾನೆ ಅಂತ ಕೇಳೇಬಿಡ್ತೀನಿ. ಇಲ್ಲ ಅಂದ್ರೆ ಇವತ್ತೇ ಗುಂಡಿಗೆ ಸುರೀತೀನಿ."

ಅವಳು ಕೇಳಿಯೇ ಕೇಳುತ್ತಾಳೆ, ಅಂಥ ಹೆಂಗಸು. ಕೇಳಿದರೆ ಆ ತೂಕದ ಹಾಳೆಗಳು ಹೊರಗೆ ಬರುತ್ತವೆ. ಪ್ರತಿ ಹಾಳೆಯ ಕೆಳಗೂ ತಂಗಿಯ ಸಹಿ ಇದೆ. ನಾನು ಮರಿಗಳ ಕಡೆ ನೋಡಿದೆ. ಒಂದು ಚಿಕ್ಕದು ಸರಳಿಗೆ ಮೂತಿ ಇಟ್ಟು ನಿಂತಿತ್ತು. ಮೂವತ್ತೆರಡು ವರ್ಷ ಮಾಡದ ಪಂಕ್ತಿಭೇದವನ್ನು ಅವತ್ತು ಮಾಡಿದೆ. ನನ್ನ ತಂಗಿಗೆ ಮೊದಲು ಬಡಿಸಿದೆ.

"ಇಲ್ಲ ಅಕ್ಕ," ಅಂದೆ. "ಕೆಲಸ ಮಾಡಲ್ಲ."

ಅವಳು ತಲೆ ಆಡಿಸಿದಳು. ಹೋದ ತಿಂಗಳು ಬಿಸಿಲಿತ್ತು, ಅದಕ್ಕೇ ಉಳಿದವೋ ಏನೋ ಅಂದುಕೊಂಡಳು. ಗೊಬ್ಬರದ ಗುಂಡಿ ಶೆಡ್ಡಿನ ಹಿಂದೆಯೇ ಇತ್ತು. ಮೊದಲ ಚೀಲವನ್ನು ಒಬ್ಬಳೇ ಎಳೆಯಲು ಹೋದಳು, ಭಾರವಾಗಿತ್ತು, ಆಗಲಿಲ್ಲ. ಇನ್ನೊಂದು ತುದಿ ಹಿಡಿದುಕೋ ಅಂದಳು.

ಹಿಡಿದುಕೊಂಡೆ.